ಕಾಡು ಕಾಯ್ದ ನಮ್ಮ ದಾದಾ

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



‘ನಮ್ಮ ಹಿರಿಯರು’ ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಪತ್ರ ಬರೆದಾಗ ನನಗೆ ಸ್ವಲ್ಪ ಸಂಕೋಚವಾಯಿತು. ಇಂಥ ವೇದಿಕೆಗಳಲ್ಲಿ ಶಾಲೆ ಕಟ್ಟಿಸಿದವರು, ಶಾಸಕರಾದವರು, ಕವಿತೆ ಬರೆದವರು ನೆನಪಾಗುತ್ತಾರೆ. ನನಗೆ ಮಾತ್ರ ಮೊದಲು ಕಣ್ಣೆದುರು ಬಂದವರು ಖಾಕಿ ಕೋಟು ಹಾಕಿಕೊಂಡು, ಕೈಯಲ್ಲಿ ಬಿದಿರಿನ ಬಡಿಗೆ ಹಿಡಿದ ಒಬ್ಬ ತೆಳ್ಳನೆಯ ಮನುಷ್ಯ. ಅವರು ನಮ್ಮ ತಂದೆಯ ತಂದೆ. ನಾವೆಲ್ಲ ಅವರನ್ನು ದಾದಾ ಎನ್ನುತ್ತಿದ್ದೆವು. ಹತ್ತಿಮತ್ತೂರಿನ ಜನ ‘ಫಾರೆಸ್ಟ್ ಸಾಹೇಬ್ರು’ ಎನ್ನುತ್ತಿದ್ದರು. ಹೆಸರು ಹೇಳುವುದಿಲ್ಲ, ಹೇಳಿಸಿಕೊಳ್ಳುವುದು ಅವರಿಗೂ ಇಷ್ಟವಿರಲಿಲ್ಲ. ಅವರು ದೊಡ್ಡ ಅಧಿಕಾರಿ ಆಗಿರಲಿಲ್ಲ. ಅರಣ್ಯ ರಕ್ಷಕನಾಗಿ, ಅಂದರೆ ನಾವು ಗಾರ್ಡ್ ಎನ್ನುತ್ತೇವಲ್ಲ ಆ ಹುದ್ದೆಯಲ್ಲಿ, 1949ರಲ್ಲಿ ಸೇರಿ, 1985ರಲ್ಲಿ ಫಾರೆಸ್ಟರ್ ಆಗಿ ನಿವೃತ್ತರಾದರು. ಈಗ ಆ ಹುದ್ದೆಯನ್ನು ಉಪ ವಲಯ ಅರಣ್ಯಾಧಿಕಾರಿ ಎನ್ನುತ್ತಾರೆ. ಮೂವತ್ತಾರು ವರ್ಷದಲ್ಲಿ ಒಂದೇ ಒಂದು ಬಡ್ತಿ.

ಹತ್ತಿಮತ್ತೂರನ್ನು ನೋಡಿದವರಿಗೆ ಒಂದು ಪ್ರಶ್ನೆ ಬರುತ್ತದೆ. ಸವಣೂರು ತಾಲ್ಲೂಕಿನ ಈ ಬಯಲು ಊರಿನಲ್ಲಿ ಕಾಡು ಎಲ್ಲಿದೆ? ನಿಜ, ಇಲ್ಲ. ಹತ್ತಿ, ಜೋಳ, ಮೆಣಸಿನಕಾಯಿ, ಬದುವಿನ ಮೇಲೆ ಜಾಲಿ ಮತ್ತು ಬೇವು. ಕಾಡು ನೋಡಬೇಕೆಂದರೆ ಪಶ್ಚಿಮಕ್ಕೆ ಹೋಗಬೇಕು. ಹಾನಗಲ್ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ, ಮುಂಡಗೋಡದ ಕಡೆ ಸಾಗವಾನಿ ಶುರುವಾಗುತ್ತದೆ, ಯಲ್ಲಾಪುರದ ಹೊತ್ತಿಗೆ ಮತ್ತಿ, ನಂದಿ, ಕಿಂದಳ, ಹೊನ್ನೆ. ನಮ್ಮ ಭಾಗದ ಒಕ್ಕಲಿಗರಿಗೆ ಆ ಕಾಡು ಗೊತ್ತಿದ್ದದ್ದು ಚಕ್ಕಡಿಯ ಅಚ್ಚಾಗಿ, ಮನೆಯ ಜಂತಿಯಾಗಿ, ಬಿದಿರಿನ ಕಣಜವಾಗಿ. ಅಲ್ಲಿ ನೌಕರಿಗೆ ಹೋಗುವುದೆಂದರೆ ಜನ ಹೆದರುತ್ತಿದ್ದರು. ಕಾರಣ ಹುಲಿಯಲ್ಲ, ಚಳಿಜ್ವರ. 1940ರ ದಶಕದ ಮಧ್ಯದಲ್ಲಿ ಧಾರವಾಡ ಮತ್ತು ಕಾರವಾರ ಜಿಲ್ಲೆಗಳಲ್ಲಿ ಡಿಡಿಟಿ ಹೊಡೆಯತೊಡಗಿದ ಮೇಲೆಯೇ ಮಲೇರಿಯಾ ತಗ್ಗಿದ್ದು. ಆದರೂ ದಾದಾ ಹೊರಟಾಗ ಅವರ ತಾಯಿ ಅತ್ತರಂತೆ. ಮುಲ್ಕಿ ಪರೀಕ್ಷೆ ಪಾಸಾದ ಹುಡುಗ ಮಾಸ್ತರಿಕೆ ಹಿಡಿಯುವುದು ಬಿಟ್ಟು ಅಡವಿ ಸೇರಿದ ಎಂದು.

ಅವರು ಸೇರಿದ್ದು ಮುಂಬಯಿ ಸರ್ಕಾರದ ನೌಕರಿಗೆ. 1956ರ ನವೆಂಬರ್ 1ರಂದು ಕಾರವಾರ ಜಿಲ್ಲೆ, ಧಾರವಾಡ ಜಿಲ್ಲೆ ಎರಡೂ ಮೈಸೂರು ರಾಜ್ಯಕ್ಕೆ ಬಂದವು. 1973ರಲ್ಲಿ ಅದೇ ರಾಜ್ಯ ಕರ್ನಾಟಕವಾಯಿತು. “ನಾ ನಿಂತಲ್ಲೇ ನಿಂತಿದ್ದೆ, ಸರ್ಕಾರಗಳೇ ಬದಲಾದವು” ಎಂದು ಅವರು ನಗುತ್ತಿದ್ದರು.

ವಿದ್ಯಾರ್ಥಿಗಳೇ, ಗಾರ್ಡ್ ಎಂದರೆ ಏನು ಕೆಲಸ ಎಂದು ನಿಮಗೆ ಹೇಳಬೇಕು. ಕಾಡನ್ನು ರೇಂಜುಗಳಾಗಿ, ರೇಂಜನ್ನು ಬೀಟುಗಳಾಗಿ ಭಾಗ ಮಾಡಿರುತ್ತಾರೆ. ಒಂದು ಬೀಟಿಗೆ ಒಬ್ಬ ಗಾರ್ಡ್. ಬೇಸಿಗೆ ಬರುವ ಮೊದಲು ಬೆಂಕಿ ರೇಖೆ ಕಡಿದು ಸುಟ್ಟು ಸ್ವಚ್ಛ ಮಾಡಿಸಬೇಕು, ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ಒಂದು ಬೀಡಿ ತುಂಡು ಇಡೀ ಗುಡ್ಡವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಸಸಿ ನೆಡಿಸಬೇಕು. ಕಡಿಯುವ ಕೂಪಿನಲ್ಲಿ ಮರಕ್ಕೆ ಸುತ್ತಿಗೆ ಗುರುತು ಹಾಕಬೇಕು. ಈ ಸುತ್ತಿಗೆ ವಿಷಯ ನನಗೆ ಚಿಕ್ಕಂದಿನಲ್ಲಿ ಬಹಳ ಕುತೂಹಲದ್ದು. ತೊಗಟೆ ಕೆತ್ತಿ ಎರಡು ಕಡೆ ಹೊಡೆಯುತ್ತಾರೆ, ಒಂದು ಎದೆಯೆತ್ತರದಲ್ಲಿ, ಇನ್ನೊಂದು ಬುಡದಲ್ಲಿ ನೆಲಕ್ಕೆ ಹತ್ತಿ. ಮರ ಹೋದ ಮೇಲೂ ಬುಡದ ಗುರುತು ಉಳಿಯುತ್ತದೆ. ಗುರುತಿಲ್ಲದ ಬುಡ ಸಿಕ್ಕಿತೆಂದರೆ ಕಳವಾಗಿದೆ ಎಂದರ್ಥ, ಆ ಬೀಟಿನ ಗಾರ್ಡ್ ಜವಾಬು ಕೊಡಬೇಕು. ಆ ಸುತ್ತಿಗೆ ಒಂದು ದಿನ ತಪ್ಪಿದ ಕೈಗೆ ಹೋದರೆ ಕಳ್ಳ ಮರವೂ ಸಾಚಾ ಆಗುತ್ತದೆ. ಅದಕ್ಕೇ ಅದನ್ನು ಬೀಗ ಹಾಕಿ ಇಡುತ್ತಿದ್ದರು.

ನಮ್ಮ ಹತ್ತಿಮತ್ತೂರಿನ ಮನೆಗೆ ಬಂದವರು ಮೊದಲು ನೋಡುತ್ತಿದ್ದದ್ದು ಬಾಗಿಲು. ಕಾಡಿನ ಸಾಹೇಬರ ಮನೆ ಅಂದಮೇಲೆ ಸಾಗವಾನಿ ಚೌಕಟ್ಟು, ಬೀಟೆಯ ಕುರ್ಚಿ ಇರಬೇಕಲ್ಲ. ನಮ್ಮದು ಬೇವಿನ ಬಾಗಿಲು, ಮಳೆಗಾಲದಲ್ಲಿ ಉಬ್ಬಿ ಹಾಕಲು ಬರುತ್ತಿರಲಿಲ್ಲ, ಭುಜ ಕೊಟ್ಟು ತಳ್ಳಬೇಕಿತ್ತು. ದಾದಿ ಇದನ್ನು ಹೇಳಿ ಹೇಳಿ ದಣಿದಿದ್ದರು. ದಾದಾನ ಜೊತೆಗೆ ಕೆಲಸ ಮಾಡಿದವರೊಬ್ಬರು ಊರಲ್ಲಿ ಕಟ್ಟಿಸಿದ ಮನೆಯ ಕಂಬಗಳನ್ನು ನೋಡಿ ಬಂದ ದಿನ ಅವರು ಅಡುಗೆ ಮಾಡಲಿಲ್ಲವಂತೆ. 1971ರಲ್ಲಿ ನಮ್ಮ ಫೂಫಿಯ ಲಗ್ನ ಬಂತು. ಬೀಗರು ಬಾಯಿಬಿಟ್ಟೇ ಕೇಳಿದರು, ಬೇರೇನೂ ಬೇಡ, ಸಾಗವಾನಿಯ ಒಂದು ಮಂಚ ಮತ್ತು ಒಂದು ಕಪಾಟು, ನಿಮಗೇನು ಕಷ್ಟ? ದಾದಾ ಸಾಲ ತೆಗೆದು, ಡೆಪೊದ ಲಿಲಾವಿನಲ್ಲಿ ಎಲ್ಲರಂತೆ ನಿಂತು ನಾಟಾ ಕೂಗಿ ಕೊಂಡು, ಪಾಸ್ ಮಾಡಿಸಿ, ಚಕ್ಕಡಿಯಲ್ಲಿ ತಂದರು. ಆ ಪಾವತಿಯನ್ನು ಕೊನೆಯವರೆಗೂ ಟ್ರಂಕಿನಲ್ಲಿ ಇಟ್ಟಿದ್ದರು. ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ಈದ್‌ಗೆ ಮನೆಯಲ್ಲಿ ಹೊಸ ಬಟ್ಟೆ ಮಕ್ಕಳಿಗೆ ಮಾತ್ರ. ನಾನು ಆಗ ಚಿಕ್ಕವಳು, ನನಗೆ ಸಿಕ್ಕಿತ್ತು, ಆದ್ದರಿಂದ ಇದನ್ನು ಆರಾಮಾಗಿ ಹೇಳುತ್ತಿದ್ದೇನೆ. ದಾದಿ ಆರಾಮಾಗಿ ಹೇಳುತ್ತಿರಲಿಲ್ಲ.

ಪ್ರಾಮಾಣಿಕತೆಯ ಕಥೆ ಇಷ್ಟಕ್ಕೇ ಮುಗಿದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಹೇಳುವ ರೂಢಿ ನಮ್ಮಲ್ಲಿದೆ. ದಾದಾ ಮಾತ್ರ ತಮ್ಮ ತಪ್ಪನ್ನು ತಾವೇ ಹೇಳಿಕೊಂಡವರು, ನಾನೇಕೆ ಮುಚ್ಚಲಿ.

ಅವರ ಚಾಕರಿಯ ಮೊದಲ ವರ್ಷಗಳು. ಹಳಿಯಾಳದ ಕಡೆಯ ಒಂದು ಬೀಟು. ಅಲ್ಲಿ ಗೌಳಿಗರು, ಸಿದ್ದಿಗಳು, ಕೂಲಿಯ ಬಡವರು ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಒಂದು ಮಧ್ಯಾಹ್ನ ಗೌಳಿ ಹೆಣ್ಣುಮಗಳೊಬ್ಬಳು ತಲೆಹೊರೆ ಕಟ್ಟಿಗೆ ತರುತ್ತಿದ್ದಳು. ಹೊರೆಯ ಒಳಗೆ ಹಸಿ ಸಾಗವಾನಿಯ ಎರಡು ಗಳ ಇದ್ದವು. ಒಣ ಕಟ್ಟಿಗೆಯಾಗಿದ್ದರೆ ಬಿಡುತ್ತಿದ್ದರೇನೋ. ಹಸಿ ಸಾಗವಾನಿ ಎಂದರೆ ಗುನ್ನೆ. ದಾದಾ ಹೊಸಬರು, ಕಾಯ್ದೆ ಪುಸ್ತಕ ಬಾಯಿಪಾಠ. ಹೊರೆ ಇಳಿಸಿದರು, ಪಂಚನಾಮೆ ಮಾಡಿದರು, ಕಾಯ್ದೆಯಲ್ಲಿ ಇರುವಂತೆ ಹತ್ಯಾರನ್ನೂ ಜಪ್ತಿ ಮಾಡಿದರು. ಹತ್ಯಾರು ಎಂದರೆ ಒಂದು ಕುಡಗೋಲು. ಅವಳು ದಂಡದ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಬರೇ ಒಂದೇ ಮಾತು, “ಕುಡಗೋಲ ಒಂದರ ಕೊಡ್ರಿ ಸಾಹೇಬ್ರ, ಅದು ನಂದಲ್ರಿ.” ಕೊಡಲಿಲ್ಲ. ಮುದ್ದೆಮಾಲು, ಕೊಡಲು ಬರುವುದಿಲ್ಲ. ಆಮೇಲೆ ಯಾರೋ ಹೇಳಿದರು, ಆ ಕುಡಗೋಲು ನೆರೆಮನೆಯವರದು, ಅದನ್ನು ತೀರಿಸಿ ಕೊಡಲಾಗದೆ ಆ ಸುಗ್ಗಿಯಲ್ಲಿ ಅವಳು ಅವರ ಹೊಲದಲ್ಲಿ ಬಿಟ್ಟಿ ದುಡಿದಳು ಎಂದು.

ಇಲ್ಲಿ ಕಾಯ್ದೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ಮುಂಬಯಿ ಪ್ರಾಂತಕ್ಕೆ 1847ರಲ್ಲಿ ಅಲೆಗ್ಸಾಂಡರ್ ಗಿಬ್ಸನ್ ಎಂಬ ವೈದ್ಯರನ್ನು ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿದರು. ಹಡಗಿಗೆ ಸಾಗವಾನಿ ಬೇಕಿತ್ತು, ಮುಂದೆ ರೈಲಿನ ಹಳಿಗಳಿಗೆ ದಿಮ್ಮಿ ಬೇಕಾಯಿತು. 1864ರಲ್ಲಿ ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಇಡೀ ದೇಶದ ಅರಣ್ಯಕ್ಕೆ ಮುಖ್ಯಸ್ಥರಾದರು. 1878ರಲ್ಲಿ ಒಂದು ಅರಣ್ಯ ಕಾಯ್ದೆ, 1927ರಲ್ಲಿ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ರಾಜ್ಯದ 1963ರ ಕಾಯ್ದೆ ಬಹುಪಾಲು ಅದೇ ಹಾದಿಯದು. ಕಾಡು ಸರ್ಕಾರದ್ದು, ಜನ ಪಡೆಯುವುದು ರಿಯಾಯಿತಿ. ಆ ರಿಯಾಯಿತಿಯೂ ಎಲ್ಲರಿಗೆ ಒಂದೇ ತೂಕದ್ದಲ್ಲ. ಕಾರವಾರ ಜಿಲ್ಲೆಯಲ್ಲಿ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ ಎಂದು ಕಾಡು ಬಿಟ್ಟಿದ್ದಾರೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ತೋಟಕ್ಕೆ ಗೊಬ್ಬರ ಬೇಕು, ಅದರಲ್ಲಿ ತಪ್ಪೇನಿಲ್ಲ, ಅನೇಕರು ಆ ಬೆಟ್ಟವನ್ನು ಚೆನ್ನಾಗಿಯೇ ಕಾಪಾಡಿದ್ದಾರೆ. ಆದರೆ ತೋಟವೇ ಇಲ್ಲದ ಗೌಳಿ ಹೆಣ್ಣುಮಗಳಿಗೆ ಎಷ್ಟು ಎಕರೆ? ದಾದಾ ಈ ಲೆಕ್ಕ ಹಾಕಿದ್ದು ಬಹಳ ತಡವಾಗಿ. “ಪುಸ್ತಕ ಓದಿ ಗಾರ್ಡ್ ಆಗಬಹುದು, ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ” ಎಂದು ನನಗೆ ಒಮ್ಮೆ ಹೇಳಿದರು.

ನಿವೃತ್ತರಾದ ತಿಂಗಳೇ ಅವರು ಒಂದು ಕೆಲಸ ಮಾಡಿದರು. ಸವಣೂರಿನಲ್ಲಿ ಕಮ್ಮಾರರ ಹತ್ತಿರ ಒಂದು ಹೊಸ ಕುಡಗೋಲು ಮಾಡಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ಹಳಿಯಾಳಕ್ಕೆ ಹೋದರು. ಮೂವತ್ತು ವರ್ಷದ ಮೇಲೆ. ಆ ಕೇರಿ ಸಿಕ್ಕಿತು, ಅವಳು ಇರಲಿಲ್ಲ, ತೀರಿಕೊಂಡು ಕಾಲವಾಗಿತ್ತು. ಸೊಸೆ ಇದ್ದಳು. ಅವಳಿಗೆ ಈ ಪ್ರಕರಣದ ಗಂಧವೂ ಇಲ್ಲ. “ನಮ್ಮನ್ಯಾಗ ಕುಡಗೋಲು ಅದಾವ್ರಿ ಅಜ್ಜಾರ, ಇದನ್ಯಾಕ ತಂದೀರಿ?” ಎಂದು ನಕ್ಕಳಂತೆ. ಅವರು ವಿವರಿಸಲು ಹೋದರು, ಬಾಯಿ ಕಟ್ಟಿತು. ಚಹಾ ಕೊಟ್ಟಳು, ಕುಡಿದು, ಕುಡಗೋಲನ್ನು ಕಟ್ಟೆಯ ಮೇಲೆ ಇಟ್ಟು ಬಂದರು. ಮಾಫಿ ಕೇಳಬೇಕಾದವರು ಇಲ್ಲದಿದ್ದರೆ ಆ ಮಾಫಿ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಮಸೀದಿಯ ಪೇಶ್ ಇಮಾಮರನ್ನು ಕೇಳಿದ್ದರು. ಅವರು ಏನು ಹೇಳಿದರೋ ದಾದಾ ನಮಗೆ ಹೇಳಲಿಲ್ಲ.

ಎರಡನೆಯ ಸಂಗತಿ ಬಿದಿರಿನದು. ನಾನು ತರಗತಿಯಲ್ಲಿ ಹೆಚ್ಚು ಸಲ ಹೇಳಿದ ಕಥೆ ಇದು, ನನ್ನ ಹಳೆಯ ವಿದ್ಯಾರ್ಥಿನಿಯರು ಕ್ಷಮಿಸಬೇಕು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಯಿತು. ಕಾರವಾರ ಜಿಲ್ಲೆಯ ಬಿದಿರು ಎಷ್ಟು ಕಡಿದರೂ ಮುಗಿಯುವುದಿಲ್ಲ ಎಂಬ ಲೆಕ್ಕ. ಪ್ರಾರಂಭದಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟರು ಎಂದು ಪ್ರೊ. ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ, ಮರ, ತಟ್ಟಿ ನೇಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಕೊಡಬೇಕಿತ್ತು. ಹದಿನೈದು ವರ್ಷದೊಳಗೆ ಬಿದಿರಿನ ಮೆಳೆಗಳು ಸೊರಗಿದವು. ಏಕೆ? ಜನ ಕದಿಯುತ್ತಾರೆ, ದನ ಮೇಯಿಸುತ್ತಾರೆ, ಕಳಲೆ ಮುರಿದು ಪಲ್ಯ ಮಾಡುತ್ತಾರೆ, ಇದು ಎಲ್ಲ ವರದಿಗಳಲ್ಲಿ ಬರೆಯುತ್ತಿದ್ದ ಉತ್ತರ. ದಾದಾ ತಾವೇ ಅಂಥ ವರದಿ ಬರೆದು ಕಳಿಸಿದ್ದರು.

ಅದೇ ಕಾಲದಲ್ಲಿ ಮೇಲಿನಿಂದ ಒಂದು ಹುಕುಂ ಬಂದಿತ್ತು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯಂತಾಗಿರುತ್ತವೆ. ಅವನ್ನು ಸವರಿ ಸ್ವಚ್ಛ ಮಾಡಿದರೆ ಗಾಳಿ ಬೆಳಕು ಆಡಿ ಹೊಸ ಬಿದಿರು ಚೆನ್ನಾಗಿ ಬರುತ್ತದೆ, ಕಡಿಯಲೂ ಸಲೀಸು ಎಂಬುದು ಅದರ ತರ್ಕ. ದಾದಾ ಕೂಲಿಗಳನ್ನು ಹಚ್ಚಿ ಗುಡ್ಡಗಟ್ಟಲೆ ಮುಳ್ಳು ತೆಗೆಸಿದರು. ಒಬ್ಬ ಮುದುಕ ಮೇದಾರ ದಿನಾ ಬಂದು ನೋಡುತ್ತಿದ್ದನಂತೆ. ಒಂದು ದಿನ ತಡೆಯಲಾರದೆ, “ಸಾಹೇಬ್ರ, ಆ ಮುಳ್ಳು ಬಿದರಿಗೆ ಬೇಲಿ ಇದ್ದಂಗರಿ. ಬೇಲಿ ಕಿತ್ತರ ಕಳಲಿ ಉಳಿತದೇನ್ರಿ?” ಎಂದ. ದಾದಾ, “ಮ್ಯಾಲಿನ ಹುಕುಂ ಐತಪಾ, ನಾ ಏನ ಮಾಡ್ಲಿ” ಎಂದರು.

1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಗಾಡ್ಗೀಳ ಮತ್ತು ಅವರ ಸಂಗಡಿಗರು ಬಂದರು. ಕಾಡು ತಿರುಗಿ, ಹಳ್ಳಿಯವರನ್ನು ಮಾತಾಡಿಸಿ, ಮೆಳೆ ಎಣಿಸಿ ನೋಡಿದರು. ಅವರು ಕಂಡುಕೊಂಡದ್ದೂ ಅದನ್ನೇ. ಮಳೆಗಾಲದಲ್ಲಿ ನೆಲದಿಂದ ಏಳುವ ಎಳೆ ಕಳಲೆಯನ್ನು ದನ, ಮುಸುವ, ಮುಳ್ಳುಹಂದಿಗಳಿಂದ ಕಾಪಾಡುವುದು ಆ ಮುಳ್ಳಿನ ಹೆಣಿಗೆಯೇ, ಅದನ್ನು ಸವರಿದ್ದರಿಂದ ಕಳಲೆಗೆ ದಿಕ್ಕಿಲ್ಲದಂತಾಯಿತು. ಮುದುಕ ಹೇಳಿದ ಮಾತು ವಿಜ್ಞಾನಿಗಳ ವರದಿಯಲ್ಲಿ ಬಂತು. ದಾದಾನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ರೇಂಜ್ ಆಫೀಸಿನಲ್ಲಿ ಯಾರೋ ಓದಿ ಹೇಳಿದಾಗ ಅವರಿಗೆ ನಾಚಿಕೆಯಾಯಿತಂತೆ. ಬಿದಿರು ಹಾಳಾಯಿತೆಂದಷ್ಟೇ ಅಲ್ಲ. ಆ ಮನುಷ್ಯ ದಿನಾ ಬಂದು ನಿಲ್ಲುತ್ತಿದ್ದ, ಅವನನ್ನು ಕೂಡ್ರಿಸಿ ಕೇಳುವ ಮನಸ್ಸು ನನಗೆ ಬರಲಿಲ್ಲವಲ್ಲ ಎಂದು. ಅಂದಿನಿಂದ ಅವರು ಒಂದು ಅಭ್ಯಾಸ ಇಟ್ಟುಕೊಂಡರು. ಹೊಸ ಬೀಟಿಗೆ ಹೋದರೆ ಮೊದಲ ವಾರ ಯಾರ ಮೇಲೂ ಗುನ್ನೆ ಹಾಕುತ್ತಿರಲಿಲ್ಲ. ದನ ಕಾಯುವವರು, ಜೇನು ಕೀಳುವವರು, ಬುಟ್ಟಿ ಹೆಣೆಯುವವರ ಕಟ್ಟೆಯ ಮೇಲೆ ಕೂತು ಮರಗಳ ಹೆಸರು ಬರೆದುಕೊಳ್ಳುತ್ತಿದ್ದರು. ಕನ್ನಡದಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ, ಸಿದ್ದಿಗಳ ಮಾತಿನಲ್ಲಿ. ಆ ನೋಟುಬುಕ್ಕು ನನ್ನ ಹತ್ತಿರ ಇದೆ. ನಾನು ಸಸ್ಯಶಾಸ್ತ್ರ ಓದಿದ್ದು ಅದರಿಂದ. ಕಾಲೇಜಿನಲ್ಲಿ ‘ಟರ್ಮಿನಾಲಿಯಾ’ ಎಂದು ಹೇಳಿಕೊಡುವ ಮೊದಲೇ ನನಗೆ ಮತ್ತಿಮರ ಗೊತ್ತಿತ್ತು, ಬೇಸಿಗೆಯಲ್ಲಿ ಅದರ ತೊಗಟೆ ಕೆತ್ತಿದರೆ ಒಳಗಿಂದ ನೀರು ಸಿಗುತ್ತದೆ ಎಂಬುದೂ ಗೊತ್ತಿತ್ತು.

ಮಾತು ಬಂತೆಂದು ಹೇಳುತ್ತೇನೆ. ನನ್ನನ್ನು ಧಾರವಾಡಕ್ಕೆ ಓದಲು ಕಳಿಸುವುದು ಮನೆಯಲ್ಲಿ ದೊಡ್ಡ ತಂಟೆಯಾಯಿತು. ಹೆಣ್ಣುಮಗಳು, ಹಾಸ್ಟೆಲು, ಅದೂ ಗಿಡಗಂಟಿ ಓದಲು! ದಾದಾ ಹೆಚ್ಚು ಮಾತನಾಡುವವರಲ್ಲ. “ಪೆನ್ಷನ್ ನನ್ನದು” ಎಂದರು. ಮಾತು ಅಲ್ಲಿಗೆ ನಿಂತಿತು.

ರಜೆಯಲ್ಲಿ ಊರಿಗೆ ಬಂದರೆ ನಮ್ಮನ್ನು ಸವಣೂರಿನ ದೊಡ್ಡಹುಣಸೆ ಕಲ್ಮಠಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿಯ ಮೂರು ಮಹಾ ಮರಗಳನ್ನು ನೀವೆಲ್ಲ ಬಲ್ಲಿರಿ. ನಾವು ಮಕ್ಕಳು ಕೈ ಕೈ ಹಿಡಿದು ಸುತ್ತು ಹಾಕಿ ಸೋಲುತ್ತಿದ್ದೆವು. “ಇದು ಹುಣಸೆ ಅಲ್ಲ, ಆಫ್ರಿಕಾದ ಮರ” ಎಂದು ದಾದಾ ಹೇಳಿದಾಗ ನಾನು ನಂಬಿರಲಿಲ್ಲ. ನಿಜವೇ, ಅದು ಬಾವೊಬಾಬ್, ಶಾಸ್ತ್ರೀಯವಾಗಿ ಅಡನ್ಸೋನಿಯಾ ಡಿಜಿಟಾಟಾ. ಯಾರು ತಂದರು, ಯಾವಾಗ ತಂದರು ಎಂಬುದಕ್ಕೆ ಕಥೆಗಳು ಬೇಕಾದಷ್ಟಿವೆ. ದಾದಾನಿಗೆ ಆ ಮರ ಕಂಡರೆ ಹಳಿಯಾಳದ ಸಿದ್ದಿ ಸ್ನೇಹಿತರು ನೆನಪಾಗುತ್ತಿದ್ದರು. ಅವರ ಪೂರ್ವಜರೂ ಅದೇ ಕಡಲು ದಾಟಿ ಬಂದವರು. ಅವರಲ್ಲಿ ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ಜುಮ್ಮಾ ನಮಾಜಿಗೆ ಕಾಡಿನಲ್ಲಿ ಮಸೀದಿ ಇಲ್ಲದ ದಿನಗಳಲ್ಲಿ ಸಿದ್ದಿಗಳ ಅಂಗಳದಲ್ಲಿ ದಾದಾ ಎಷ್ಟೋ ಸಲ ಅವರೊಂದಿಗೆ ಸಾಲಿನಲ್ಲಿ ನಿಂತಿದ್ದರು.

ಇನ್ನು ನೀಲಗಿರಿ. ದಾದಾ ನಿವೃತ್ತರಾಗಿ ಊರಿಗೆ ಬಂದ ಕಾಲಕ್ಕೆ ನಮ್ಮ ಆಗಿನ ಧಾರವಾಡ ಜಿಲ್ಲೆಯಲ್ಲಿ ದೊಡ್ಡ ಗದ್ದಲ ಎದ್ದಿತ್ತು. 1984ರಲ್ಲಿ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂಥ ನಾರಿನ ಮರ ಬೆಳೆಸಲು ಹೊರಟಿತು. ಕಾಗದದ ಮೇಲೆ ಅದು ಬೀಳು ನೆಲ. ಹಳ್ಳಿಯವರಿಗೆ ಅದೇ ಗೋಮಾಳ, ಅದೇ ಕಟ್ಟಿಗೆ, ಅದೇ ಸೊಪ್ಪು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಜನರನ್ನು ಸಂಘಟಿಸಿದರು, ಡಾ. ಶಿವರಾಮ ಕಾರಂತರು ಮುಂದೆ ನಿಂತು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕೀಳುವುದು, ಆ ಜಾಗದಲ್ಲಿ ಜನರಿಗೆ ಬೇಕಾದ ಗಿಡ ಹಚ್ಚುವುದು.

ದಾದಾ ಹೋಗಬೇಕೋ ಬೇಡವೋ ಎಂದು ವಾರಗಟ್ಟಲೆ ತೂಗಿದರು. ಉಪ್ಪು ತಿಂದ ಇಲಾಖೆ. ಹಳೆಯ ಸಹೋದ್ಯೋಗಿಗಳು ಕಂಡರೆ ಏನೆಂದಾರು? ಕೊನೆಗೆ ಹೋದರು, ಒಬ್ಬರೇ. ಹುಣಸೆಯ ಒಂದು ಸಸಿಯನ್ನು ತಗಡಿನ ಡಬ್ಬಿಯಲ್ಲಿ ಹಿಡಿದುಕೊಂಡು. ಸಂಜೆ ಬಂದ ಮೇಲೆ ನಾನು ಕೇಳಿದೆ, “ದಾದಾ, ಕಿತ್ತಿರೇನು?” ಅವರು, “ಕೀಳಲು ಕೈ ಬರಲಿಲ್ಲ ಬೇಟಿ. ಮೂವತ್ತಾರು ವರ್ಷ ಗಿಡ ಕಿತ್ತವರ ಮೇಲೆ ಗುನ್ನೆ ಬರೆದ ಕೈ. ಹಚ್ಚಿ ಬಂದೆ” ಎಂದರು.

ನೀಲಗಿರಿಯನ್ನು ರಾಕ್ಷಸ ಎಂದು ಬಯ್ಯುವುದು ಸುಲಭ, ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ನಮ್ಮ ಎಷ್ಟೋ ರೈತರು ತಾವಾಗಿಯೇ ಅದನ್ನು ಹಚ್ಚಿ ಮಗಳ ಲಗ್ನ ಮಾಡಿದ್ದಾರೆ. ದಾದಾನ ಮಾತು ಬೇರೆಯಾಗಿತ್ತು. ಗಿಡದ ತಪ್ಪಿಲ್ಲ. ಅದರ ಎಲೆಯನ್ನು ದನ ತಿನ್ನುವುದಿಲ್ಲ, ಆಡೂ ಮುಟ್ಟುವುದಿಲ್ಲ, ಅದಕ್ಕೇ ಇಲಾಖೆಗೆ ಅದು ಪ್ರಿಯ. ಕಾವಲು ಬೇಡದ ಗಿಡ. ಯಾರಿಗೂ ಉಪಯೋಗವಿಲ್ಲದ್ದನ್ನು ಕಾಯುವುದು ಸುಲಭ, ಎಲ್ಲರಿಗೂ ಬೇಕಾದದ್ದನ್ನು ಕಾಯುವುದೇ ನೌಕರಿ ಎನ್ನುತ್ತಿದ್ದರು. ಆ ಜಂಟಿ ಕಂಪನಿ 1991ರಲ್ಲಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅದನ್ನು ನೋಡಲು ದಾದಾ ಇರಲಿಲ್ಲ.

ವಿದ್ಯಾರ್ಥಿಗಳಿಗೆ ಎರಡು ಮಾತು ಹೇಳಲೇಬೇಕು, ಕಾರ್ಯದರ್ಶಿಗಳ ಆಗ್ರಹವೂ ಇದೆ. ನಮ್ಮ ಮಕ್ಕಳು ವೈದ್ಯಕೀಯ, ಇಂಜಿನಿಯರಿಂಗ್ ಬಿಟ್ಟರೆ ಮುಂದೆ ದಾರಿಯೇ ಇಲ್ಲವೆಂದು ಕೂಡುತ್ತಾರೆ. ಇಲ್ಲೇ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಇದೆ, ನಾಲ್ಕು ವರ್ಷದ ಪದವಿ, ವಿಜ್ಞಾನದಲ್ಲಿ ಪಿಯುಸಿ ಮಾಡಿದವರು ಸಿಇಟಿ ಮೂಲಕ ಸೇರಬಹುದು. ಕೊಡಗಿನ ಪೊನ್ನಂಪೇಟೆಯಲ್ಲಿ ಇನ್ನೊಂದಿದೆ. ಗಾರ್ಡ್ ಹುದ್ದೆಗೆ ಈಗ ಗಸ್ತು ಅರಣ್ಯ ಪಾಲಕ ಎಂದು ಹೆಸರು, ಪಿಯುಸಿ ಸಾಕು, ಆದರೆ ಓಟದ ಪರೀಕ್ಷೆ ಇದೆ, ಈಗಿನಿಂದಲೇ ಓಡಿರಿ. ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. ತರಬೇತಿಯ ಸಂಸ್ಥೆ ಧಾರವಾಡದ ಪಕ್ಕದ ಗುಂಗರಗಟ್ಟಿಯಲ್ಲೇ ಇದೆ. ಮೇಲಕ್ಕೆ ಹೋಗಬೇಕೆಂದರೆ ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆ ಇದೆ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರಿಗೆ ಅರ್ಹತೆ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಓದಿಕೊಳ್ಳಿ. ದಾದಾನ ಪುಸ್ತಕದಲ್ಲಿ ಇರದ ಆ ಗೌಳಿ ಹೆಣ್ಣುಮಗಳಂಥವರ ಪ್ರಸ್ತಾಪ ಅದರಲ್ಲಿ ಬಂದಿದೆ. ಅವರ ಅರ್ಜಿಗಳು ಏನಾದವು ಎಂಬುದು ಬೇರೆ ಕಥೆ, ಅದನ್ನು ಕೇಳಲು ನೀವು ಹಳ್ಳಿಗೆ ಹೋಗಬೇಕು.

ದಾದಾ 2006ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಹೊಲದ ಬದುವಿನ ಒಂದು ಹಳೆಯ ಬೇವಿನ ಮರವನ್ನು ಕಡಿಸಿದ್ದರು. ಒಣಗಿತ್ತು ಎಂದು ನಾವು ತಿಳಿದಿದ್ದೆವು. ಹಲಗೆ ಕೊಯ್ಯಿಸಿ ಅಟ್ಟದ ಮೇಲೆ ಇಡಿಸಿದ್ದರು. ಏತಕ್ಕೆ ಎಂದು ಅಬ್ಬಾ ಕೇಳಿದರೆ, ಇರಲಿ, ಬೇಕಾಗುತ್ತದೆ ಎಂದಿದ್ದರು. ಕಬರಿನಲ್ಲಿ ಮಯ್ಯತ್ ಇಳಿಸಿದ ಮೇಲೆ ಮೇಲೆ ಹಲಗೆ ಮುಚ್ಚುತ್ತಾರಲ್ಲ, ಅದಕ್ಕೆ. ಆ ದಿನ ಅಬ್ಬಾ ಹಲಗೆ ಇಳಿಸಲು ಅಟ್ಟ ಹತ್ತಿದಾಗ ಅವುಗಳ ಮೇಲೆ ಸುತ್ತಳಿಯಿಂದ ಕಟ್ಟಿದ ಒಂದು ಕಾಗದ ಸಿಕ್ಕಿತು. 1976ರ ಮರ ಸಂರಕ್ಷಣೆ ಕಾಯ್ದೆಯ ಪ್ರಕಾರ ಸ್ವಂತ ಹೊಲದ ಮರ ಕಡಿಯಲು ರೇಂಜ್ ಆಫೀಸಿನಿಂದ ಪಡೆದ ಪರವಾನಗಿ, ಶುಲ್ಕದ ಪಾವತಿ ಸಮೇತ. ಅರ್ಜಿಯಲ್ಲಿ ಉದ್ದೇಶ ಎಂಬ ಕಾಲಂ ಇತ್ತು. ದಾದಾನ ಗುಂಡಾದ ಅಕ್ಷರದಲ್ಲಿ ‘ಸ್ವಂತ ಉಪಯೋಗಕ್ಕಾಗಿ’ ಎಂದು ಬರೆದಿತ್ತು.